ವಿದ್ಯಾರ್ಥಿಗಳಿಗೆ ಗೈಡ್‌ಗಳಾಚೆಗೂ ಕನ್ನಡ ಪುಸ್ತಕ ಬೇಕು

ಮಾನ್ಯ ಸಂಪಾದಕರಿಗೆ,

ಪದವಿಪೂರ್ವ ಮತ್ತು ಪದವಿ ತರಗತಿಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದುತ್ತಿರುವ ವಿದ್ಯಾರ್ಥಿಗಳಿಗೆ ಇತಿಹಾಸ, ಸಾಹಿತ್ಯ, ಉದ್ಯೋಗ ಮತ್ತು ವ್ಯಾಪಾರೋದ್ಯಮಗಳ ಬಗ್ಗೆ ಪಠ್ಯದ ಆಚೆಗೆ ಓದಲು ಸಿಗುವ ಪುಸ್ತಕಗಳ ಸ್ಥಿತಿಯನ್ನು ತಮ್ಮ ಪತ್ರಿಕೆಯ ಮೂಲಕ ಸರ್ಕಾರದ, ವಿಶ್ವವಿದ್ಯಾಲಯಗಳ ಹಾಗೂ ಪ್ರಕಾಶಕರ ಗಮನಕ್ಕೆ ತರಲು ಬಯಸುತ್ತೇನೆ. ನಾನು ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ವ್ಯವಹಾರ ಅಧ್ಯಯನ ಮತ್ತು ಲೆಕ್ಕಶಾಸ್ತ್ರ ಬೋಧಿಸಿ ನಿವೃತ್ತನಾದವನು. ಪ್ರತ್ಯೇಕ ಗ್ರಂಥಪಾಲಕರಿಲ್ಲದ ಕಾಲೇಜುಗಳಲ್ಲಿ ಗ್ರಂಥಾಲಯದ ಪ್ರಭಾರ ಯಾರಾದರೊಬ್ಬ ಉಪನ್ಯಾಸಕರ ಹೆಗಲಿಗೆ ಬೀಳುವುದು ವಾಡಿಕೆ. ಸೇವಾವಧಿಯ ಬಹುಪಾಲು ಆ ಹೊಣೆ ನನ್ನ ಮೇಲಿತ್ತು. ಆದ್ದರಿಂದ ಯಾವ ಪುಸ್ತಕ ಬೀರುವಿನಿಂದ ಹೊರಗೆ ಹೋಗುತ್ತದೆ, ಯಾವುದು ವರ್ಷಗಟ್ಟಲೆ ಅಲುಗಾಡದೆ ಕೂರುತ್ತದೆ ಎಂಬುದನ್ನು ಹತ್ತಿರದಿಂದ ನೋಡಿ ಬಲ್ಲೆ.

ತಾಲ್ಲೂಕು ಕೇಂದ್ರದ ಯಾವುದೇ ಪುಸ್ತಕದಂಗಡಿಗೆ ಹೋದರೂ ಕಣ್ಣಿಗೆ ಮೊದಲು ಬೀಳುವುದು ಪಿಡಿಒ, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಪರೀಕ್ಷೆಗಳ ಗೈಡ್‌ಗಳು. ಅವುಗಳ ಪಕ್ಕದಲ್ಲಿ ಇಂಗ್ಲಿಷಿನಿಂದ ಅನುವಾದವಾದ, ಶ್ರೀಮಂತರಾಗುವ ದಾರಿ ಹೇಳಿಕೊಡುವ ಒಂದಷ್ಟು ಪುಸ್ತಕಗಳಿರುತ್ತವೆ. ಒಳಗಿನ ಕಪಾಟಿನಲ್ಲಿ ಕಾದಂಬರಿಗಳು. ಗೈಡ್‌ಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಕೂಲಿ ಮಾಡುವ ಮನೆಯ ಹುಡುಗಿಯೊಬ್ಬಳು ಅವುಗಳನ್ನೇ ಓದಿ ಸರ್ಕಾರಿ ನೌಕರಿ ಹಿಡಿದು ತನ್ನ ತಮ್ಮಂದಿರನ್ನು ಓದಿಸುತ್ತಾಳೆಂದರೆ ಆ ಪುಸ್ತಕಕ್ಕೆ ಕೈಮುಗಿಯಬೇಕು. ಆದರೆ ಹದಿನಾರರಿಂದ ಇಪ್ಪತ್ತೊಂದರ ವಯಸ್ಸಿನಲ್ಲಿ, ಮನಸ್ಸು ಅತ್ಯಂತ ಹಸಿದಿರುವ ಕಾಲದಲ್ಲಿ, ಒಬ್ಬ ವಿದ್ಯಾರ್ಥಿ ಓದುವ ಜ್ಞಾನಸಾಹಿತ್ಯವೆಲ್ಲ ಒಂದು ಅಂಕದ ಪ್ರಶ್ನೆಗಳ ರೂಪದಲ್ಲೇ ಇರಬೇಕಾದ ಸ್ಥಿತಿಯನ್ನು ಸಹಜವೆಂದು ನಾವು ಒಪ್ಪಿಕೊಂಡಿದ್ದೇವಲ್ಲ, ನನ್ನ ತಕರಾರು ಇರುವುದು ಅದರ ಬಗ್ಗೆ.

ಒಂದು ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ‘ಕೆನರಾ ಬ್ಯಾಂಕಿನ ಸ್ಥಾಪಕರು ಯಾರು?’ ಎಂಬ ಪ್ರಶ್ನೆ, ಅದರ ಕೆಳಗೆ ನಾಲ್ಕು ಹೆಸರು, ಪುಟದ ಕೊನೆಯಲ್ಲಿ ಉತ್ತರದ ಅಕ್ಷರ. ವಿದ್ಯಾರ್ಥಿ ಅಮ್ಮೆಂಬಳ ಸುಬ್ಬರಾವ್ ಪೈ ಎಂಬ ಹೆಸರನ್ನೂ 1906 ಎಂಬ ಇಸವಿಯನ್ನೂ ಬಾಯಿಪಾಠ ಮಾಡಿ ಮುಂದಿನ ಪ್ರಶ್ನೆಗೆ ಹೋಗುತ್ತಾನೆ. ಆ ಸುಬ್ಬರಾವ್ ಪೈಯವರು ಮಂಗಳೂರಿನ ವಕೀಲರಾಗಿದ್ದರು, ಬ್ಯಾಂಕಿಗೂ ಮೊದಲು 1891ರಲ್ಲಿ ಒಂದು ಶಾಲೆಯನ್ನೂ 1894ರಲ್ಲಿ ಹೆಣ್ಣುಮಕ್ಕಳಿಗಾಗಿ ಇನ್ನೊಂದು ಶಾಲೆಯನ್ನೂ ತೆರೆದಿದ್ದರು, ಅವರು ಆರಂಭಿಸಿದ್ದು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಎಂಬ ಒಂದು ಸಣ್ಣ ನಿಧಿಯನ್ನು, 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು ಎಂಬ ಸಂಗತಿಗಳು ಅವನಿಗೆ ಎದುರಾಗುವುದೇ ಇಲ್ಲ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆ ಹುಟ್ಟಿತು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ, 1931ರಲ್ಲಿ ಮತ್ತೆ ಮಂಗಳೂರಿನಲ್ಲಿ ವಿಜಯಾ ಬ್ಯಾಂಕ್ ಆರಂಭವಾದವು. ಕಾಲು ಶತಮಾನದಲ್ಲಿ ಒಂದೇ ಕರಾವಳಿ ಜಿಲ್ಲೆ ಐದು ಬ್ಯಾಂಕುಗಳನ್ನು ಕೊಟ್ಟಿತು. ಏಕೆ? ಬಂದರಿನ ವ್ಯಾಪಾರ, ಹಂಚಿನ ಕಾರ್ಖಾನೆಗಳು, ಶಿಕ್ಷಣ, ಸಮುದಾಯಗಳೊಳಗಿನ ಒಗ್ಗಟ್ಟು, ಇವುಗಳಲ್ಲಿ ಯಾವುದರ ಪಾಲು ಎಷ್ಟು? ಈ ಪ್ರಶ್ನೆಯನ್ನು ಎತ್ತಿಕೊಂಡು ನೂರು ನೂರಿಪ್ಪತ್ತು ಪುಟಗಳಲ್ಲಿ ಸರಳ ಕನ್ನಡದಲ್ಲಿ ವಿವರಿಸುವ ಒಂದು ಪುಸ್ತಕವನ್ನು ವಾಣಿಜ್ಯ ವಿಭಾಗದ ವಿದ್ಯಾರ್ಥಿಯ ಕೈಗಿಟ್ಟರೆ, ಷೇರು ಬಂಡವಾಳ, ಠೇವಣಿ, ಸಾಲ, ಬಡ್ಡಿ, ರಾಷ್ಟ್ರೀಕರಣ, ವಿಲೀನ ಎಂಬ ಪಠ್ಯದ ಪದಗಳೆಲ್ಲ ಅವನಿಗೆ ಮನುಷ್ಯರ ಬದುಕಿನ ಸಂಗತಿಗಳಾಗಿ ಕಾಣತೊಡಗುತ್ತವೆ.

ಸಿಂಡಿಕೇಟ್ ಬ್ಯಾಂಕಿನ ಕಥೆಯಂತೂ ತರಗತಿಯಲ್ಲಿ ಹೇಳಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗರೂ ಕಿವಿಗೊಟ್ಟು ಕೇಳಿದ್ದನ್ನು ಕಂಡಿದ್ದೇನೆ. ಕೈಮಗ್ಗದ ನೇಕಾರರು ಸಂಕಷ್ಟಕ್ಕೆ ಸಿಲುಕಿದ್ದ ಕಾಲದಲ್ಲಿ ಅವರಿಗೆ ನೆರವಾಗಲೆಂದು ವ್ಯಾಪಾರಿ ಉಪೇಂದ್ರ ಪೈ, ವೈದ್ಯ ಟಿ.ಎಂ.ಎ. ಪೈ, ಎಂಜಿನಿಯರ್ ವಾಮನ ಕುಡ್ವ ಈ ಮೂವರು ಎಂಟು ಸಾವಿರ ರೂಪಾಯಿ ಬಂಡವಾಳದಲ್ಲಿ ಅದನ್ನು ಆರಂಭಿಸಿದರು. 1928ರಲ್ಲಿ ಅವರು ಪಿಗ್ಮಿ ಠೇವಣಿ ಯೋಜನೆ ತಂದರು. ಏಜೆಂಟರು ದಿನವೂ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಇಂದಿಗೂ ನಮ್ಮ ಊರುಗಳ ಪತ್ತಿನ ಸಹಕಾರ ಸಂಘಗಳ ಪಿಗ್ಮಿ ಏಜೆಂಟರು ಸಂಜೆ ಹೊತ್ತು ಸಂತೆಪೇಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹೋಗುತ್ತಾರೆ. ವಿದ್ಯಾರ್ಥಿಗಳ ತಾಯಂದಿರಲ್ಲಿ ಎಷ್ಟೋ ಮಂದಿ ಹೂವು, ತರಕಾರಿ ಮಾರಿದ ಹಣದಲ್ಲಿ ಪಿಗ್ಮಿ ಕಟ್ಟುತ್ತಾರೆ. ಅಷ್ಟು ಸಣ್ಣ ಮೊತ್ತವನ್ನು ದಿನವೂ ಮನೆಮನೆಗೆ ಹೋಗಿ ಸಂಗ್ರಹಿಸಲು ತಗಲುವ ವೆಚ್ಚವನ್ನು ಬ್ಯಾಂಕು ಹೇಗೆ ತೂಗಿಸುತ್ತದೆ, ಏಜೆಂಟರ ಕಮಿಷನ್ ಎಲ್ಲಿಂದ ಹುಟ್ಟುತ್ತದೆ, ಅವಧಿಗೆ ಮೊದಲೇ ಹಣ ತೆಗೆದರೆ ಬಡ್ಡಿ ಏಕೆ ಕಡಿಮೆಯಾಗುತ್ತದೆ ಎಂಬುದನ್ನು ವಿವರಿಸುವ ಒಂದು ಅಧ್ಯಾಯ ವಿದ್ಯಾರ್ಥಿಗೆ ಬ್ಯಾಂಕಿಂಗ್ ವ್ಯವಹಾರದ ಒಳಮರ್ಮವನ್ನೇ ತೆರೆದಿಡಬಲ್ಲದು. ಕೇಳಿದ ಹುಡುಗರು ‘ಸರ್, ಇದು ಯಾವ ಪುಸ್ತಕದಲ್ಲಿದೆ?’ ಎಂದು ಕೇಳಿದಾಗ ಅವರ ಓದಿನ ಮಟ್ಟಕ್ಕೆ ಹೊಂದುವ ಒಂದು ಕನ್ನಡ ಪುಸ್ತಕವನ್ನು ನಮ್ಮ ಬೀರುವಿನಿಂದ ತೆಗೆದುಕೊಡಲು ನನಗೆ ಸಾಧ್ಯವಾಗುತ್ತಿರಲಿಲ್ಲ.

ಪಿಯು ಹಂತದಲ್ಲಿ ಎಚ್‌ಇಬಿಎ ಎಂಬ ಸಂಯೋಜನೆ ಇರುವುದು ತಮ್ಮ ಓದುಗರಿಗೆ ಗೊತ್ತು. ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಈ ನಾಲ್ಕನ್ನೂ ಒಬ್ಬನೇ ವಿದ್ಯಾರ್ಥಿ ಓದುತ್ತಾನೆ. ಹಾಗಿದ್ದೂ ಬೆಳಿಗ್ಗೆ ಕೇಳಿದ ಇತಿಹಾಸದ ಪಾಠಕ್ಕೂ ಮಧ್ಯಾಹ್ನ ಕೇಳಿದ ವ್ಯವಹಾರ ಅಧ್ಯಯನಕ್ಕೂ ಏನಾದರೂ ಸಂಬಂಧವಿದೆಯೆಂದು ಅವನಿಗೆ ತೋರಿಸಿಕೊಡುವ ಪುಸ್ತಕ ಇಲ್ಲ. ಇತಿಹಾಸವೆಂದರೆ ರಾಜವಂಶ, ಯುದ್ಧ, ಒಪ್ಪಂದ. ವ್ಯಾಪಾರವೆಂದರೆ ಹೊರದೇಶದ ಮ್ಯಾನೇಜ್‌ಮೆಂಟ್ ಪಂಡಿತರ ಸೂತ್ರಗಳು ಎಂಬ ಭಾವನೆ ಬೇರೂರಿಬಿಡುತ್ತದೆ. ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಪ್ರವಾಸದಲ್ಲಿ ನೋಡಿಬರುವ ವಿದ್ಯಾರ್ಥಿಗೆ ದೇವಾಲಯ ವಾಸ್ತುಶಿಲ್ಪದ ತೊಟ್ಟಿಲು ಎಂಬ ಮಾತು ನೆನಪಿರುತ್ತದೆ. ಅದೇ ಊರಿನ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ಎಂಬ ವರ್ತಕರ ಸಂಘ ದಕ್ಷಿಣ ಭಾರತದ ಉದ್ದಗಲಕ್ಕೂ ವ್ಯವಹರಿಸುತ್ತಿತ್ತು, ಸುಮಾತ್ರಾ ದ್ವೀಪದ ಲೋಬು ತುವಾದಲ್ಲಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಉಲ್ಲೇಖವಿದೆ ಎಂಬುದು ತಿಳಿದರೆ ಅವನು ಆ ಊರನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾನೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ ತೆರೆದ ಹಂಚಿನ ಕಾರ್ಖಾನೆ, ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ, ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ, ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಗಿ ಸ್ಥಾಪಿಸಿದ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಇವೆಲ್ಲ ಅದೇ ಬಗೆಯವು. ಕೊಕ್ಕೊ ಕೊಳ್ಳುವವರಿಲ್ಲದೆ ಬೆಲೆ ಕುಸಿದಾಗ ಕ್ಯಾಂಪ್ಕೊ ತಾನೇ ಖರೀದಿಗೆ ಇಳಿದದ್ದು, ಕೊನೆಗೆ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದದ್ದು ಮಾರುಕಟ್ಟೆ, ಅಪಾಯ, ಮೌಲ್ಯವರ್ಧನೆ ಎಂಬ ಮೂರು ಪಾಠಗಳನ್ನು ಒಟ್ಟಿಗೆ ಕಲಿಸುವ ಪ್ರಕರಣ. ವ್ಯವಹಾರ ನಿರ್ವಹಣೆಯ ತರಗತಿಗಳಲ್ಲಿ ಹೊರದೇಶದ ಕಂಪನಿಗಳ ಪ್ರಕರಣಗಳನ್ನು ಓದಿಸುತ್ತಾರೆ. ಓದಿಸಲಿ. ಅವುಗಳ ಪಕ್ಕದಲ್ಲಿ ಪುತ್ತೂರಿನದೂ ಒಂದು ಇರಲಿ ಎಂಬುದಷ್ಟೇ ನನ್ನ ಮಾತು.

ಸಾಹಿತ್ಯದ ಪುಸ್ತಕಗಳ ವಿಷಯದಲ್ಲಿ ಕೊರತೆಯ ಸ್ವರೂಪ ಬೇರೆ. ಸಾಹಿತ್ಯ ಚರಿತ್ರೆ, ವಿಮರ್ಶೆ, ಸಂಶೋಧನ ಗ್ರಂಥಗಳು ಕನ್ನಡದಲ್ಲಿ ಸಮೃದ್ಧವಾಗಿವೆ. ಆದರೆ ಅವುಗಳಲ್ಲಿ ಬಹುಪಾಲು ಎಂ.ಎ. ವಿದ್ಯಾರ್ಥಿಗೆ, ಸಂಶೋಧಕನಿಗೆ ಬರೆದವು. ಬಿ.ಕಾಂ. ಓದುವ, ಕನ್ನಡವನ್ನು ಒಂದು ಭಾಷಾ ಪತ್ರಿಕೆಯಾಗಿ ಮಾತ್ರ ತೆಗೆದುಕೊಂಡ ಹುಡುಗ ಹಿಡಿದ ಕೂಡಲೇ ಓದಿ ಮುಗಿಸಬಲ್ಲ ಪುಸ್ತಕಗಳು ಕಡಿಮೆ. ಫ.ಗು. ಹಳಕಟ್ಟಿಯವರ ಬದುಕನ್ನೇ ತೆಗೆದುಕೊಳ್ಳಿ. ವಚನ ಪಿತಾಮಹ ಎಂಬ ಬಿರುದು ಎಲ್ಲರಿಗೂ ಗೊತ್ತು. ವಿಜಯಪುರದಲ್ಲಿ ವಕೀಲಿಕೆ ಮಾಡುತ್ತಿದ್ದ ಅವರು ಊರೂರು ತಿರುಗಿ ತಾಡೋಲೆ ಪ್ರತಿಗಳನ್ನು ಕಲೆಹಾಕಿ, ಪಾಠ ಹೋಲಿಸಿ, 1923ರಲ್ಲಿ ವಚನಗಳ ಸಂಗ್ರಹವನ್ನು ಹೊರತಂದರು. 1925ರಲ್ಲಿ ಮನೆ ಮಾರಿ ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯ ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದಕ್ಕೂ ಮುಂಚೆಯೇ ಒಂದು ವಿದ್ಯಾಸಂಸ್ಥೆಯನ್ನೂ ವಿಜಯಪುರದಲ್ಲಿ ಒಂದು ಸಹಕಾರಿ ಬ್ಯಾಂಕನ್ನೂ ಕಟ್ಟಿದ್ದರು. ಹಸ್ತಪ್ರತಿ ಶಾಸ್ತ್ರ, ಮುದ್ರಣೋದ್ಯಮ, ಪತ್ರಿಕೋದ್ಯಮ, ಸಹಕಾರ, ಕಾನೂನು, ಇಷ್ಟೂ ಒಬ್ಬ ವ್ಯಕ್ತಿಯ ಬಾಳಿನಲ್ಲಿವೆ. ಇತಿಹಾಸ, ಸಾಹಿತ್ಯ, ಉದ್ಯೋಗ, ವ್ಯಾಪಾರ ಎಂದು ನಾವು ಕಪಾಟಿನಲ್ಲಿ ಬೇರೆ ಬೇರೆ ಇಡುವ ವಿಷಯಗಳು ಬದುಕಿನಲ್ಲಿ ಹೇಗೆ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕೇ? ಮುದ್ರಣಾಲಯಕ್ಕೆ ಹಣ ಹೊಂದಿಸಿದ್ದು ಹೇಗೆ, ಚಂದಾದಾರರು ಎಷ್ಟಿದ್ದರು, ನಷ್ಟವನ್ನು ಹೇಗೆ ಭರಿಸಿದರು ಎಂಬ ಕಡೆಯಿಂದ ಅವರ ಕಥೆಯನ್ನು ಬರೆದರೆ ವಾಣಿಜ್ಯದ ವಿದ್ಯಾರ್ಥಿಯೂ ವಚನ ಸಾಹಿತ್ಯದ ಹೊಸ್ತಿಲು ದಾಟುತ್ತಾನೆ. ಹಳಕಟ್ಟಿಯವರು 1964ರಲ್ಲಿ ತೀರಿಕೊಂಡದ್ದರಿಂದ ಹಕ್ಕುಸ್ವಾಮ್ಯದ ಅರವತ್ತು ವರ್ಷಗಳ ಅವಧಿ 2024ಕ್ಕೆ ಮುಗಿದಿದೆ; ಅವರ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳನ್ನು ಆಯ್ದು, ಟಿಪ್ಪಣಿ ಬರೆದು, ವಿದ್ಯಾರ್ಥಿ ಆವೃತ್ತಿ ತರಲು ಈಗ ಯಾವ ಪ್ರಕಾಶಕರಿಗೂ ಅಡ್ಡಿಯಿಲ್ಲ.

ಉದ್ಯೋಗ ಮಾರ್ಗದರ್ಶನದ ಪುಸ್ತಕಗಳ ಬಗ್ಗೆ ನನಗೆ ಅತ್ಯಂತ ಬೇಸರವಿದೆ. ಎಸ್‌ಎಸ್‌ಎಲ್‌ಸಿ ನಂತರ ಏನು, ಪಿಯುಸಿ ನಂತರ ಏನು ಎಂಬ ತಲೆಬರಹದಲ್ಲಿ ಪ್ರತಿವರ್ಷ ಬರುವ ಪುಸ್ತಕಗಳಲ್ಲಿ ಹೆಚ್ಚಿನವು ಕೋರ್ಸುಗಳ ಹೆಸರು, ಅವಧಿ, ಅರ್ಹತೆ, ಕಾಲೇಜುಗಳ ಪಟ್ಟಿ, ಇಷ್ಟಕ್ಕೆ ನಿಲ್ಲುತ್ತವೆ. ಆ ಮಾಹಿತಿ ಮೊಬೈಲಿನಲ್ಲಿ ಒಂದು ನಿಮಿಷದಲ್ಲಿ ಸಿಗುತ್ತದೆ. ಸಿಗದಿರುವುದು ಕೆಲಸದ ಒಳಗಿನ ಚಿತ್ರ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಆರ್ಟಿಕಲ್‌ಶಿಪ್ ಎಂಬ ತರಬೇತಿ ಪಡೆಯುವ ಹುಡುಗಿ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ಮಾಡುತ್ತಾಳೆ, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನಗಳಲ್ಲಿ ಅಲ್ಲಿನ ಒತ್ತಡ ಎಂಥದು, ಹಳ್ಳಿಯಿಂದ ಬಂದು ಕನ್ನಡದಲ್ಲಿ ಓದಿದವರು ಮೊದಲ ವರ್ಷ ಎಲ್ಲಿ ತಡವರಿಸುತ್ತಾರೆ, ಅದನ್ನು ಹೇಗೆ ದಾಟುತ್ತಾರೆ, ಇವು ಬೇಕು. ಇತಿಹಾಸ ಓದಿದವರಿಗೆ ಶಿಕ್ಷಕ ವೃತ್ತಿ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ಪಾಲಕರು ನಂಬಿದ್ದಾರೆ. ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗದ ಪ್ರಧಾನ ಕಚೇರಿ ನಮ್ಮ ಮೈಸೂರಿನಲ್ಲೇ ಇದೆ ಎಂಬುದು, ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದಲ್ಲಿ ಡಿಪ್ಲೊಮಾ ನಡೆಸುತ್ತದೆ ಎಂಬುದು, ರಾಜ್ಯ ಪತ್ರಾಗಾರ, ವಸ್ತುಸಂಗ್ರಹಾಲಯ, ಹಸ್ತಪ್ರತಿ ಸಂರಕ್ಷಣೆ ಇವೆಲ್ಲ ಕೆಲಸದ ಕ್ಷೇತ್ರಗಳು ಎಂಬುದು ಅವರ ಕಿವಿಗೆ ಬಿದ್ದಿರುವುದಿಲ್ಲ. ಹುದ್ದೆಗಳು ವಿರಳ ಎಂಬುದನ್ನೂ ಪುಸ್ತಕ ಮುಚ್ಚುಮರೆಯಿಲ್ಲದೆ ಹೇಳಬೇಕು. ಸುಳ್ಳು ಆಸೆ ಹುಟ್ಟಿಸುವ ಉದ್ಯೋಗ ಮಾರ್ಗದರ್ಶಿಗಿಂತ ಮಾರ್ಗದರ್ಶಿ ಇಲ್ಲದಿರುವುದೇ ಮೇಲು.

ಒಂದು ಕಡೆ ಪರೀಕ್ಷೆಗಳ ಬಾಗಿಲು ಕನ್ನಡಕ್ಕೆ ತೆರೆಯುತ್ತಿದೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡವೂ ಸೇರಿ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರ 2019ರಲ್ಲಿ ಆಯಿತು. ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೆಬಲ್ ಪರೀಕ್ಷೆಗೆ 2024ರ ಜನವರಿಯಿಂದ ಅದೇ ಅವಕಾಶ ದೊರೆಯಿತು. ಇದಕ್ಕಾಗಿ ಹೋರಾಡಿದವರಿಗೆ ನಾವು ಋಣಿಗಳು. ಆದರೆ ಪ್ರಶ್ನೆಪತ್ರಿಕೆ ಕನ್ನಡದಲ್ಲಿದ್ದು, ಬ್ಯಾಂಕಿಂಗ್, ಹಣಕಾಸು, ಆರ್ಥಿಕತೆಗಳನ್ನು ಅರ್ಥಮಾಡಿಸುವ ಓದು ಇಂಗ್ಲಿಷಿನಲ್ಲಷ್ಟೇ ಇದ್ದರೆ ಆ ಅವಕಾಶದ ಅರ್ಧ ಫಲ ಮಾತ್ರ ನಮ್ಮ ಮಕ್ಕಳಿಗೆ ದಕ್ಕುತ್ತದೆ.

ಒಳ್ಳೆಯ ಪುಸ್ತಕವಿಲ್ಲದ ಜಾಗ ಖಾಲಿಯಾಗಿ ಉಳಿಯುವುದಿಲ್ಲ ಎಂಬುದನ್ನು ವ್ಯಾಪಾರ ಮತ್ತು ಹಣಕಾಸಿನ ವಿಷಯದಲ್ಲಿ ಕಣ್ಣಾರೆ ಕಾಣುತ್ತಿದ್ದೇವೆ. ಷೇರು ಮಾರುಕಟ್ಟೆಯ ಆಪ್ಷನ್ ವಹಿವಾಟಿನಲ್ಲಿ, ಅಂದರೆ ಷೇರಿನ ಮುಂದಿನ ಬೆಲೆಯ ಮೇಲೆ ಪಣ ಕಟ್ಟಿದಂತಿರುವ ವ್ಯವಹಾರದಲ್ಲಿ, ದಿನಕ್ಕೆ ಇಷ್ಟು ಸಾವಿರ ದುಡಿಯಬಹುದು ಎಂದು ಹೇಳುವ ರೀಲ್‌ಗಳು ಕನ್ನಡದಲ್ಲಿ ಹೇರಳವಾಗಿವೆ. ಪದವಿ ವಿದ್ಯಾರ್ಥಿಗಳು ಸ್ಕಾಲರ್‌ಶಿಪ್ ಹಣವನ್ನು ಅದರಲ್ಲಿ ತೊಡಗಿಸಿ ಕೈಸುಟ್ಟುಕೊಂಡದ್ದನ್ನು ಕಂಡಿದ್ದೇನೆ. ಭಾರತೀಯ ಷೇರು ವಿನಿಮಯ ನಿಯಂತ್ರಣ ಮಂಡಳಿ, ಅಂದರೆ ಸೆಬಿ, 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2021–22ರಿಂದ 2023–24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದಾರೆ. ಅವರೆಲ್ಲರ ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಈ ಒಂದು ಅಂಕಿಯನ್ನು ಹಿಡಿದು, ಎದುರು ಪಕ್ಷದಲ್ಲಿ ಲಾಭ ಮಾಡಿಕೊಳ್ಳುವವರು ಯಾರು, ದಲ್ಲಾಳಿ ಶುಲ್ಕ ಎಷ್ಟು ತಿನ್ನುತ್ತದೆ, ದೀರ್ಘಾವಧಿ ಹೂಡಿಕೆಗೂ ಇದಕ್ಕೂ ಏನು ವ್ಯತ್ಯಾಸ ಎಂದು ವಿವರಿಸುವ ಎಂಬತ್ತು ಪುಟಗಳ ಪುಸ್ತಕ ಪ್ರತಿ ಕಾಲೇಜಿನಲ್ಲೂ ಇದ್ದಿದ್ದರೆ ಕೆಲವು ಮನೆಗಳ ಕಣ್ಣೀರಾದರೂ ತಪ್ಪುತ್ತಿತ್ತು. ಅನುವಾದಿತ ಶ್ರೀಮಂತಿಕೆಯ ಪುಸ್ತಕಗಳು ಈ ಕೆಲಸ ಮಾಡಲಾರವು. ಅವುಗಳ ಉದಾಹರಣೆಗಳು ಡಾಲರಿನಲ್ಲಿರುತ್ತವೆ, ಅವುಗಳ ತೆರಿಗೆ ಕಾನೂನು ಅಮೆರಿಕದ್ದು, ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಡಬೇಕೆನ್ನುವ ಹುಡುಗನಿಗೆ ಬೇಕಾದ ಪರವಾನಗಿ, ಮುಂಗಡ, ಉದ್ರಿ ವಸೂಲಿ, ಸಾಗಣೆ ವೆಚ್ಚ ಯಾವುದೂ ಅಲ್ಲಿರುವುದಿಲ್ಲ.

ಇಂಥ ಪುಸ್ತಕಗಳನ್ನು ಕನ್ನಡದಲ್ಲಿ ತರುವುದು ಕಷ್ಟಸಾಧ್ಯ ಎಂದು ಯಾರೂ ಹೇಳುವಂತಿಲ್ಲ. ಹಿಂದೆ ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಅರ್ಥಶಾಸ್ತ್ರಗಳ ಬಗ್ಗೆ ಕನ್ನಡದಲ್ಲಿ ಮಾತನಾಡಿ, ಆ ಮಾತುಗಳು ಪ್ರಚಾರೋಪನ್ಯಾಸ ಮಾಲೆಯ ಕಿರುಹೊತ್ತಗೆಗಳಾಗಿ ಅಚ್ಚಾಗಿ ಕೆಲವೇ ಆಣೆಗಳಿಗೆ ಸಿಗುತ್ತಿದ್ದವು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವೂ ಉಪನ್ಯಾಸ ಗ್ರಂಥಮಾಲೆಯನ್ನು ನಡೆಸಿತು. ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಬಹುಮಟ್ಟಿಗೆ ಒಬ್ಬರೇ ರಚಿಸಿದರು. ನಿರಂಜನರ ಸಂಪಾದಕತ್ವದಲ್ಲಿ ಏಳು ಸಂಪುಟಗಳ ಕಿರಿಯರ ವಿಶ್ವಕೋಶ ಬಂತು. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ 1970ರ ದಶಕದಲ್ಲಿ ಆರಂಭವಾದ ಭಾರತ-ಭಾರತಿ ಮಾಲೆಯಲ್ಲಿ ಐನೂರಕ್ಕೂ ಹೆಚ್ಚು ಕಿರು ಜೀವನಚರಿತ್ರೆಗಳು ಪ್ರಕಟವಾಗಿ, ಶಾಲಾ ಬಹುಮಾನ ವಿತರಣೆಯ ದಿನ ಲಕ್ಷಾಂತರ ಮಕ್ಕಳ ಕೈ ಸೇರಿದವು. ನನ್ನ ತಲೆಮಾರಿನ ಬಹಳ ಜನರ ಓದಿನ ಹುಚ್ಚು ಹತ್ತಿದ್ದು ಆ ಪುಟ್ಟ ಪುಸ್ತಕಗಳಿಂದಲೇ. ಆ ಮಾಲೆಗಳನ್ನು ಓದಿ ಬೆಳೆದ ಮಗು ಹದಿನಾರು ದಾಟಿದ ಮೇಲೆ ಮುಂದೆ ಏನು ಓದಬೇಕು ಎಂಬುದಕ್ಕೆ ಉತ್ತರವಾಗಿ ಒಂದು ಮಾಲೆ ರೂಪುಗೊಳ್ಳಲಿಲ್ಲ. ಉದ್ಯೋಗ, ವ್ಯಾಪಾರಗಳಂತೂ ಜ್ಞಾನಸಾಹಿತ್ಯದ ವಿಷಯಗಳೆಂದೇ ನಮ್ಮ ಹಿರಿಯ ಬರಹಗಾರರಿಗೆ ಅನ್ನಿಸಲಿಲ್ಲವೇನೋ.

ಈಗ ಆಡಳಿತಕ್ಕೆ ಸಂಬಂಧಿಸಿದ ಮಾತು. ಸಾರ್ವಜನಿಕ ಗ್ರಂಥಾಲಯ ಇಲಾಖೆ ಏಕಗವಾಕ್ಷಿ ಯೋಜನೆಯಡಿ ಆಯಾ ವರ್ಷ ಮೊದಲ ಮುದ್ರಣ ಕಂಡ ಪುಸ್ತಕಗಳಲ್ಲಿ ಆಯ್ದವುಗಳ ತಲಾ 300 ಪ್ರತಿಗಳನ್ನು ಕೊಳ್ಳುತ್ತದೆ. ಬೆಲೆಯನ್ನು ಪುಟಕ್ಕೆ ಇಷ್ಟು ಎಂದು ಲೆಕ್ಕ ಹಾಕುತ್ತದೆ. ಕನ್ನಡ ಪ್ರಕಾಶನ ಉಸಿರಾಡುತ್ತಿರುವುದೇ ಈ ಖರೀದಿಯಿಂದ ಎಂದರೂ ತಪ್ಪಾಗದು, ಆದ್ದರಿಂದ ಯೋಜನೆ ಉಳಿಯಬೇಕು. ಆದರೆ ವಿದ್ಯಾರ್ಥಿಗಳಿಗೆ ಬೇಕಾದ ಜ್ಞಾನಸಾಹಿತ್ಯಕ್ಕೆ ಈ ನಿಯಮಗಳು ಒಗ್ಗುವುದಿಲ್ಲ. ಪುಟಕ್ಕೆ ಬೆಲೆ ಕಟ್ಟಿದರೆ ಮುನ್ನೂರು ಪುಟದ ಜಾಳು ಪುಸ್ತಕ ಪ್ರಕಾಶಕನಿಗೆ ಲಾಭ, ನಕ್ಷೆ, ಛಾಯಾಚಿತ್ರ, ಪದಸೂಚಿ ಎಲ್ಲ ಇರುವ ನೂರು ಪುಟದ ಅಚ್ಚುಕಟ್ಟಾದ ಪುಸ್ತಕ ನಷ್ಟ. ಮೊದಲ ಮುದ್ರಣವನ್ನಷ್ಟೇ ಕೊಂಡರೆ ಪರಿಷ್ಕರಿಸುವ ಉತ್ಸಾಹ ಲೇಖಕನಿಗೂ ಇರುವುದಿಲ್ಲ, ಪ್ರಕಾಶಕನಿಗೂ ಇರುವುದಿಲ್ಲ. ಲೆಕ್ಕಪರಿಶೋಧಕರ ಆರ್ಟಿಕಲ್‌ಶಿಪ್ ಅವಧಿ 2023ರಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿಯಿತು. ಅದಕ್ಕೂ ಮೊದಲು ಅಚ್ಚಾದ ಉದ್ಯೋಗ ಮಾರ್ಗದರ್ಶಿ ಗ್ರಂಥಾಲಯದಲ್ಲಿ ಇಂದಿಗೂ ಮೂರು ವರ್ಷ ಎಂದೇ ಹೇಳುತ್ತಿರುತ್ತದೆ. ಪಂಪನ ಬಗೆಗಿನ ಪುಸ್ತಕ ಹತ್ತು ವರ್ಷ ಹಾಗೆಯೇ ಇದ್ದರೂ ಹಾನಿಯಿಲ್ಲ, ಉದ್ಯೋಗದ ಪುಸ್ತಕ ಹಳತಾದರೆ ದಾರಿ ತಪ್ಪಿಸುತ್ತದೆ. ಖರೀದಿ ಪ್ರಕ್ರಿಯೆಯೇ ವರ್ಷಗಟ್ಟಲೆ ಹಿಂದೆ ಬಿದ್ದಾಗ ಅಂಥ ಪುಸ್ತಕ ಕಪಾಟು ಸೇರುವ ಹೊತ್ತಿಗಾಗಲೇ ಸವಕಲಾಗಿರುತ್ತದೆ.

ಹಣವಿಲ್ಲ ಎಂಬ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. 1965ರ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಮೇಲೆ ಶೇ 6ರ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. ನಗರ ಸ್ಥಳೀಯ ಸಂಸ್ಥೆಗಳು ಸಂಗ್ರಹಿಸಿದ ಕರವನ್ನು ಗ್ರಂಥಾಲಯಗಳಿಗೆ ಪೂರ್ತಿಯಾಗಿ, ಹೊತ್ತಿಗೆ ಸರಿಯಾಗಿ ವರ್ಗಾಯಿಸಿದರೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚು ಸರ್ಕಾರಿ ಪದವಿಪೂರ್ವ ಕಾಲೇಜುಗಳು, ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ಇವೆ. ಆಯ್ಕೆಯಾದ ಪುಸ್ತಕದ ಒಂದೊಂದೇ ಪ್ರತಿಯನ್ನು ಇವುಗಳಿಗೆ ಕೊಂಡರೂ ಸಾವಿರದ ನಾನೂರಕ್ಕೆ ಕಡಿಮೆಯಾಗದು. ಕನ್ನಡದಲ್ಲಿ ಜ್ಞಾನಸಾಹಿತ್ಯದ ಮುದ್ರಣ ಸಾಮಾನ್ಯವಾಗಿ ಐನೂರು, ಹೆಚ್ಚೆಂದರೆ ಸಾವಿರ ಪ್ರತಿ ಎಂಬುದನ್ನು ಬಲ್ಲವರಿಗೆ ಇದರ ಅರ್ಥ ತಿಳಿಯುತ್ತದೆ: ಒಳ್ಳೆಯ ಸಂಪಾದಕರನ್ನು ನೇಮಿಸಿ, ಛಾಯಾಚಿತ್ರಗಳಿಗೆ ಹಣ ಕೊಟ್ಟು, ಬೆಲೆಯನ್ನು ನೂರು ರೂಪಾಯಿಯ ಆಸುಪಾಸಿಗೆ ಇಳಿಸಿ ಪುಸ್ತಕ ತರಲು ಪ್ರಕಾಶಕನಿಗೆ ಧೈರ್ಯ ಬರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವ್ಯಾಪ್ತಿಗೆ ಬಂದ ಮೇಲೆ ಎಷ್ಟೋ ಕಡೆ ಅವುಗಳಿಗೆ ಹೊಸ ಜೀವ ಬಂದಿದೆ, ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಒಳಗೆ ಬಂದಿದ್ದಾರೆ. ಐದು ಸಾವಿರಕ್ಕೂ ಹೆಚ್ಚಿರುವ ಆ ಕೇಂದ್ರಗಳೂ ಇದರಲ್ಲಿ ಸೇರಿದರೆ ಲೆಕ್ಕವೇ ಬದಲಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಏಕಗವಾಕ್ಷಿ ಯೋಜನೆಯೊಳಗೆ ವಿದ್ಯಾರ್ಥಿಗಳ ಜ್ಞಾನಸಾಹಿತ್ಯಕ್ಕೆ ಪ್ರತ್ಯೇಕ ಪಾಲು ತೆಗೆದಿಟ್ಟು, ಅದಕ್ಕೆ ಪುಟದ ಲೆಕ್ಕದ ಬದಲು ಗುಣಮಟ್ಟದ ಲೆಕ್ಕದಲ್ಲಿ ಬೆಲೆ ಕಟ್ಟಬೇಕು ಮತ್ತು ಪರಿಷ್ಕೃತ ಮುದ್ರಣಗಳಿಗೂ ಅವಕಾಶ ಕೊಡಬೇಕು. ಆಯ್ಕೆ ಸಮಿತಿಯಲ್ಲಿ ಸಾಹಿತಿಗಳ ಜೊತೆಗೆ ತರಗತಿಯಲ್ಲಿ ನಿಂತು ಪಾಠ ಹೇಳುವ ಪಿಯು ಉಪನ್ಯಾಸಕರೂ ಇರಬೇಕು. ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳು, ಅಂದರೆ ಪ್ರಕಟಣಾ ವಿಭಾಗಗಳು, ಪ್ರಚಾರೋಪನ್ಯಾಸದ ಪರಂಪರೆಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕು. ಇಂದು ಪ್ರತಿಯೊಂದು ವಿಶ್ವವಿದ್ಯಾಲಯದಲ್ಲೂ ವಾಣಿಜ್ಯ, ನಿರ್ವಹಣಾ ವಿಭಾಗಗಳಿವೆ, ಅಲ್ಲಿನ ಪ್ರಾಧ್ಯಾಪಕರು ತಮ್ಮ ಜಿಲ್ಲೆಯ ಒಂದೊಂದು ಉದ್ಯಮದ ಚರಿತ್ರೆಯನ್ನು ಬರೆದರೂ ಸಾಕು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ, ಇಳಕಲ್ಲಿನ ಸೀರೆ, ಚನ್ನಪಟ್ಟಣದ ಗೊಂಬೆ, ರಾಮನಗರದ ರೇಷ್ಮೆಗೂಡು, ಭದ್ರಾವತಿಯ ಕಬ್ಬಿಣ, ಪೀಣ್ಯದ ಸಣ್ಣ ಕೈಗಾರಿಕೆಗಳು, ಹಾಲು ಒಕ್ಕೂಟಗಳು ಹೀಗೆ ವಸ್ತುವಿಗೆ ಬರಗಾಲವಿಲ್ಲ. ಕನ್ನಡ ಪುಸ್ತಕ ಪ್ರಾಧಿಕಾರವಾಗಲಿ, ಕುವೆಂಪು ಭಾಷಾ ಭಾರತಿ ಪ್ರಾಧಿಕಾರವಾಗಲಿ ಇಂಥ ಒಂದು ಮಾಲೆಯನ್ನು ಹಮ್ಮಿಕೊಂಡರೆ ಬರೆಯಲು ಸಮರ್ಥರಾದವರು ಮುಂದೆ ಬರುತ್ತಾರೆ ಎಂಬ ಭರವಸೆ ನನಗಿದೆ.

ಬರೆಯುವವರಲ್ಲಿಯೂ ಒಂದು ವಿನಂತಿ. ಹದಿನೇಳರ ವಯಸ್ಸಿನ ಓದುಗನನ್ನು ಮಗುವೆಂದು ತಿಳಿದು ಉಪದೇಶ ಮಾಡಬೇಡಿ. ಬ್ಯಾಂಕ್, ಷೇರು, ಲೋನ್, ಇನ್‌ವಾಯ್ಸ್ ಎಂದು ಪೇಟೆಯಲ್ಲಿ ಎಲ್ಲರೂ ಆಡುವ ಮಾತುಗಳಿಗೆ ಮಡಿ ಮಾಡದೆ ಅವನ್ನೇ ಬಳಸಿರಿ. ಯಶಸ್ವಿ ಉದ್ಯಮಿಗಳ ಕಥೆಯನ್ನಷ್ಟೇ ಹೇಳದೆ ಮುಚ್ಚಿಹೋದ ಕಾರ್ಖಾನೆಗಳ ಕಥೆಯನ್ನೂ ಹೇಳಿರಿ. ಏಕೆ ಮುಚ್ಚಿತು, ಅಲ್ಲಿದ್ದ ಕಾರ್ಮಿಕರು ಏನಾದರು ಎಂಬುದರಲ್ಲಿ ವಿದ್ಯಾರ್ಥಿ ಕಲಿಯುವುದು ಬಹಳಷ್ಟಿದೆ. ಹೆಣ್ಣುಮಕ್ಕಳ ದುಡಿಮೆ ಮತ್ತು ವ್ಯಾಪಾರವನ್ನು ಒಂದು ಅನುಬಂಧಕ್ಕೆ ತಳ್ಳಬೇಡಿ, ಏಕೆಂದರೆ ನಮ್ಮ ವಾಣಿಜ್ಯ ತರಗತಿಗಳಲ್ಲಿ ಈಗ ಅರ್ಧದಷ್ಟು ಬೆಂಚುಗಳು ಅವರವು.

ತಮ್ಮ ಪತ್ರಿಕೆಯೂ ವಾರದ ಪುಸ್ತಕ ಪರಿಚಯದ ಪುಟದಲ್ಲಿ ಕಥೆ, ಕವನ ಸಂಕಲನಗಳ ನಡುವೆ ವಿದ್ಯಾರ್ಥಿಗಳಿಗೆ ಉಪಯುಕ್ತವಾದ ಒಂದು ಜ್ಞಾನಸಾಹಿತ್ಯ ಕೃತಿಯನ್ನು ತಪ್ಪದೆ ಪರಿಚಯಿಸಿದರೆ, ಅದನ್ನು ಕಾಲೇಜು ಉಪನ್ಯಾಸಕರಿಂದಲೋ ವಿದ್ಯಾರ್ಥಿಗಳಿಂದಲೋ ಬರೆಸಿದರೆ, ಯಾವ ಪುಸ್ತಕ ತರಿಸಬೇಕೆಂದು ತಿಳಿಯದೆ ಕೂರುವ ನೂರಾರು ಪ್ರಭಾರ ಗ್ರಂಥಪಾಲಕರಿಗೆ ನೆರವಾಗುತ್ತದೆ. ಮುಂದಿನ ಶೈಕ್ಷಣಿಕ ವರ್ಷದ ಪುಸ್ತಕ ಖರೀದಿಗೆ ಆದೇಶ ಹೊರಡುವ ಮೊದಲು ಶಾಲಾ ಶಿಕ್ಷಣ, ಉನ್ನತ ಶಿಕ್ಷಣ, ಗ್ರಂಥಾಲಯ ಮತ್ತು ಗ್ರಾಮೀಣಾಭಿವೃದ್ಧಿ ಇಲಾಖೆಗಳ ಅಧಿಕಾರಿಗಳು ಪ್ರಕಾಶಕರನ್ನೂ ಉಪನ್ಯಾಸಕರನ್ನೂ ಒಟ್ಟಿಗೆ ಕೂರಿಸಿಕೊಂಡು ಈ ವಿಷಯವನ್ನು ಚರ್ಚಿಸಬೇಕೆಂದು ಈ ಮೂಲಕ ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಾಣಿಜ್ಯ ಉಪನ್ಯಾಸಕ,
ಹಾವೇರಿ ಜಿಲ್ಲೆ